ಆರುನೂರು ಮಂದಿ ಗೆದ್ದ ಸಾಮ್ರಾಜ್ಯವಲ್ಲ ಅದು

ಸಂಪಾದಕರಿಗೆ,

ಮಾನ್ಯರೇ,

ಸ್ಪೇನಿನ ದಂಡಯಾತ್ರಿಕರು ಮೆಕ್ಸಿಕೊವನ್ನು ವಶಪಡಿಸಿಕೊಂಡ ಬಗೆಗೆ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಇಷ್ಟು ದೂರದ, ಆದರೆ ಇಡೀ ಜಗತ್ತಿನ ಬದುಕನ್ನೇ ತಿರುಗಿಸಿದ ಸಂಗತಿಯೊಂದಕ್ಕೆ ಕನ್ನಡದ ದಿನಪತ್ರಿಕೆ ಒಂದಿಡೀ ಪುಟ ಕೊಟ್ಟದ್ದು ನನ್ನಂಥ ಓದುಗರಿಗೆ ಸಂತೋಷದ ಮಾತು. ಆದರೆ ಲೇಖನದ ಮೊದಲ ವಾಕ್ಯವೇ ನನ್ನನ್ನು ಈ ಪತ್ರಕ್ಕೆ ಕೂರಿಸಿತು. ಆರುನೂರು ಮಂದಿ ಸ್ಪೇನಿಗರು ಹದಿನಾರು ಕುದುರೆ ಮತ್ತು ಕೆಲವು ತೋಪುಗಳೊಂದಿಗೆ 1519ರಲ್ಲಿ ಹೊರಟು, ಎರಡೂವರೆ ವರ್ಷದೊಳಗೆ ಅಮೆರಿಕದ ಅತ್ಯಂತ ಬಲಿಷ್ಠ ಸಾಮ್ರಾಜ್ಯವನ್ನು ಮಣಿಸಿದರು ಎಂಬುದು ಆ ವಾಕ್ಯ. ಅದರಲ್ಲಿರುವ ಅಂಕಿಗಳಲ್ಲಿ ಅಂಥ ತಪ್ಪಿಲ್ಲ. ತಪ್ಪಿರುವುದು ‘ಮಣಿಸಿದರು’ ಎಂಬ ಕ್ರಿಯಾಪದಕ್ಕೆ ಅವರನ್ನು ಮಾತ್ರ ಕರ್ತೃಗಳನ್ನಾಗಿ ಮಾಡಿದ್ದರಲ್ಲಿ.

ಈ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಾಗ ‘ಭೌಗೋಳಿಕ ಅನ್ವೇಷಣೆಗಳು’ ಎಂಬ ಪಾಠದ ದಿನ ಇದೇ ವಾಕ್ಯವನ್ನು ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಅಷ್ಟು ಜನಕ್ಕೆ ಎರಡು ವರ್ಷ ದಿನಾ ಊಟ ಹಾಕಿದವರು ಯಾರು?” ಎಂದು ಕೇಳಿದಳು. ಮದುವೆಮನೆಗಳಲ್ಲಿ ಅಡುಗೆ ಮಾಡುವ ತಂದೆಯ ಮಗಳು ಆಕೆ; ಆರುನೂರು ಎಲೆ ಹಾಕಬೇಕಾದರೆ ಎಷ್ಟು ಅಕ್ಕಿ, ಎಷ್ಟು ಸೌದೆ, ಎಷ್ಟು ಕೈ ಬೇಕೆಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಬಂದೂಕಿನ ಮಾತು, ಕುದುರೆಯ ಮಾತು ಆಡಿ ಮುಂದಿನ ಪಾಠಕ್ಕೆ ಹೋದೆ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದದ್ದು ಬಹಳ ತಡವಾಗಿ. ಆ ಉತ್ತರದಲ್ಲಿಯೇ ಮೆಕ್ಸಿಕೊದ ಯುದ್ಧದ ನಿಜವಾದ ಸ್ವರೂಪವಿದೆಯೆಂದು ನನಗೆ ಮನವರಿಕೆಯಾಗಿರುವುದರಿಂದ ಅದನ್ನು ತಮ್ಮ ಓದುಗರ ಮುಂದಿಡುತ್ತಿದ್ದೇನೆ.

ಆ ದಂಡಿನ ನಾಯಕ ಎರ್ನಾನ್ ಕೊರ್ತೆಸ್ 1519ರ ಫೆಬ್ರುವರಿಯಲ್ಲಿ ಹನ್ನೊಂದು ಹಡಗುಗಳೊಂದಿಗೆ ಕ್ಯೂಬಾದಿಂದ ಹೊರಟಾಗ ಅವನ ಕೈಯಲ್ಲಿ ದೊರೆಯ ಸೈನ್ಯವಿರಲಿಲ್ಲ. ಅವನ ಜೊತೆಗಿದ್ದವರು ಸಂಬಳದ ಸಿಪಾಯಿಗಳಲ್ಲ, ಸಾಲ ಸೋಲ ಮಾಡಿ ಕತ್ತಿಯನ್ನೋ ಕುದುರೆಯನ್ನೋ ಬಂಡವಾಳವಾಗಿ ತಂದ ಪಾಲುದಾರರು. ಸಿಕ್ಕಿದ್ದರಲ್ಲಿ ಐದನೇ ಒಂದು ಪಾಲು ದೊರೆಗೆ, ಉಳಿದದ್ದರಲ್ಲಿ ತಮ್ಮ ತಮ್ಮ ಪಾಲು ತಮಗೆ ಎಂಬ ಲೆಕ್ಕದ ಮೇಲೆ ಕೂಡಿಕೊಂಡ ಕೂಟ ಅದು. ಅವನನ್ನು ಕಳುಹಿಸಿದ ಕ್ಯೂಬಾದ ಗವರ್ನರ್ ದಿಯೆಗೊ ವೆಲಾಸ್ಕೆಸ್ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಅವನನ್ನು ತಡೆಯಲೆತ್ನಿಸಿದ್ದ. ಕೊರ್ತೆಸ್ ಆ ಆಜ್ಞೆಯನ್ನು ಮೀರಿ ಹೊರಟಿದ್ದ. ಬರಿಗೈಯಲ್ಲಿ ಮರಳಿದರೆ ಸೆರೆಮನೆ ಕಾದಿತ್ತು. ಲೇಖನದಲ್ಲಿ ಹೇಳಿರುವಂತೆ ಹಿಂದಿರುಗುವ ಆಸೆಯನ್ನೇ ಕಳೆಯಲೆಂದು ಅವನು ಹಡಗುಗಳನ್ನು ಸುಟ್ಟದ್ದಿಲ್ಲ. ಅವುಗಳನ್ನು ದಡಕ್ಕೇರಿಸಿ ಒಡೆಸಿದ. ಕಬ್ಬಿಣ, ಹಗ್ಗ, ಹಾಯಿಬಟ್ಟೆಗಳನ್ನು ಬಿಚ್ಚಿ ತೆಗೆದಿರಿಸಿದ. ಅವು ಮುಂದೆ ಎಲ್ಲಿ ಉಪಯೋಗಕ್ಕೆ ಬಂದವೆಂಬುದನ್ನು ಆಮೇಲೆ ಹೇಳುತ್ತೇನೆ.

ಊಟಕ್ಕೂ ಮೊದಲು ಬೇಕಾದದ್ದು ಮಾತು. 1511ರಲ್ಲಿ ಹಡಗು ಒಡೆದು ಯುಕತಾನಿನ ದಡ ಸೇರಿ, ಎಂಟು ವರ್ಷ ಮಾಯಾ ಜನರ ನಡುವೆ ಬದುಕಿದ್ದ ಹೆರೋನಿಮೊ ದೆ ಅಗಿಲಾರ್ ಎಂಬ ಸ್ಪೇನಿಗ ಕೊರ್ತೆಸನನ್ನು ಬಂದು ಸೇರಿಕೊಂಡ. (ಅವನಂತೆಯೇ ಬದುಕುಳಿದಿದ್ದ ಗೊನ್ಸಾಲೊ ಗೆರೆರೊ ಎಂಬ ಇನ್ನೊಬ್ಬ, ತನಗೆ ಇಲ್ಲಿ ಹೆಂಡತಿ ಮಕ್ಕಳಿದ್ದಾರೆಂದು ಹೇಳಿ ಬರಲೊಪ್ಪದೆ ಮಾಯಾ ಜನರೊಂದಿಗೇ ಉಳಿದ. ಇವನ ಕಥೆಯನ್ನೂ ಯಾರಾದರೂ ಕನ್ನಡದಲ್ಲಿ ವಿವರವಾಗಿ ಬರೆಯಬೇಕು.) ಕೆಲವೇ ದಿನಗಳ ತರುವಾಯ ತಬಾಸ್ಕೊ ಸೀಮೆಯಲ್ಲಿ ಸೋತ ಊರಿನವರು ಕಾಣಿಕೆಯಾಗಿ ಕೊಟ್ಟ ಇಪ್ಪತ್ತು ಹೆಂಗಸರಲ್ಲಿ ಒಬ್ಬಳಿಗೆ ಮಾಯಾ ಭಾಷೆಯೂ ಒಳನಾಡಿನ ನಹುವಾತ್ಲ್ ಭಾಷೆಯೂ ಬರುತ್ತಿತ್ತು. ಇತಿಹಾಸ ಅವಳನ್ನು ಮಲಿಂಟ್ಸಿನ್ ಎಂದು, ಸ್ಪೇನಿಗರು ದೋನ್ಯಾ ಮರೀನಾ ಎಂದು ಕರೆದರು. ಒಳನಾಡಿನ ದೊರೆ ನಹುವಾತ್ಲಿನಲ್ಲಿ ಆಡಿದ್ದನ್ನು ಆಕೆ ಮಾಯಾ ಭಾಷೆಗೆ ತಿರುಗಿಸುವಳು, ಅಗಿಲಾರ್ ಅದನ್ನು ಸ್ಪ್ಯಾನಿಷ್‌ಗೆ ತಿರುಗಿಸುವನು. ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುವುದು. ಬಹುಬೇಗ ಆಕೆಯೇ ಸ್ಪ್ಯಾನಿಷ್ ಕಲಿತದ್ದರಿಂದ ನಡುವಿನ ಕೊಂಡಿ ಬೇಡವಾಯಿತು. ಇಂದಿನ ಮೆಕ್ಸಿಕೊದಲ್ಲಿ ಪರದೇಶದವರಿಗೆ ಮರುಳಾಗುವವನನ್ನು ಆಕೆಯ ಹೆಸರಿನಿಂದಲೇ ‘ಮಲಿಂಚಿಸ್ಟಾ’ ಎಂದು ಹಳಿಯುತ್ತಾರೆ. ಗುಲಾಮಳಾಗಿ ಕೈಯಿಂದ ಕೈಗೆ ಹಸ್ತಾಂತರವಾದ ಹೆಣ್ಣುಮಗಳು ಯಾವ ನಾಡಿಗೆ, ಯಾವ ದೊರೆಗೆ ನಿಷ್ಠೆಯ ಋಣ ತೀರಿಸಬೇಕಿತ್ತು ಎಂದು ಮಾತ್ರ ಹಾಗೆ ಹಳಿಯುವವರು ಹೇಳುವುದಿಲ್ಲ.

ಕರಾವಳಿಯ ಸೆಂಪೊವಾಲಾದ ತೊತೊನಾಕ್ ಜನರೇ ಸ್ಪೇನಿಗರಿಗೆ ಅನ್ನವಿಟ್ಟ ಮೊದಲ ಮಿತ್ರರು. ಮೆಶೀಕಾ ದೊರೆಗೆ ಕಪ್ಪ ಕೊಟ್ಟು ಕೊಟ್ಟು ಬೇಸತ್ತಿದ್ದ ಅವರೇ ಒಳನಾಡಿನ ದಾರಿಯನ್ನು ತೋರಿದರು, ಹೊರೆ ಹೊರಲು ಆಳುಗಳನ್ನು ಕೊಟ್ಟರು. ನಾವು ‘ಅಜ್ಟೆಕ್’ ಎನ್ನುವವರು ತಮ್ಮನ್ನು ಮೆಶೀಕಾ ಎಂದೇ ಕರೆದುಕೊಳ್ಳುತ್ತಿದ್ದರು. ಮೆಕ್ಸಿಕೊ ಎಂಬ ಹೆಸರು ಅದರಿಂದಲೇ ಬಂದದ್ದು. ಮುಂದೆ ಸಿಕ್ಕಿದ್ದು ತ್ಲಾಶ್ಕಾಲಾ. ನಾಲ್ಕು ಅರಸುಮನೆಗಳು ಕೂಡಿ ಆಳುತ್ತಿದ್ದ ಈ ಗುಡ್ಡಗಾಡಿನ ಸೀಮೆ ಮೆಶೀಕಾ ಸಾಮ್ರಾಜ್ಯದ ನಡುಮಧ್ಯದಲ್ಲಿದ್ದೂ ಅದಕ್ಕೆ ತಲೆಬಾಗಿರಲಿಲ್ಲ. ಸುತ್ತಲಿನ ದಾರಿಗಳನ್ನೆಲ್ಲ ಮೆಶೀಕಾ ಕಟ್ಟಿಹಾಕಿದ್ದರಿಂದ ಅಲ್ಲಿನವರಿಗೆ ಹತ್ತಿಯ ಬಟ್ಟೆಯಿರಲಿಲ್ಲ, ಊಟಕ್ಕೆ ಉಪ್ಪಿರಲಿಲ್ಲ. ಒಂದು ತಲೆಮಾರು ಉಪ್ಪಿಲ್ಲದ ಗಂಜಿ ಕುಡಿದು ಬೆಳೆದ ಜನರ ಮನಸ್ಸಿನಲ್ಲಿ ಆ ನಗರದ ಬಗೆಗೆ ಏನಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಆದರೂ ತ್ಲಾಶ್ಕಾಲರು ಸ್ಪೇನಿಗರನ್ನು ಕಂಡೊಡನೆ ಕಾಲಿಗೆ ಬೀಳಲಿಲ್ಲ. 1519ರ ಸೆಪ್ಟೆಂಬರಿನಲ್ಲಿ ಯುವ ದಂಡನಾಯಕ ಶಿಕೊತೆಂಕಾತ್ಲನ ಮುಂದಾಳುತನದಲ್ಲಿ ದಿನಗಟ್ಟಲೆ ಹೋರಾಡಿ, ಅವರನ್ನು ಹಣ್ಣುಗಾಯಿ ಮಾಡಿ, ಇವರನ್ನು ಕೊಲ್ಲುವುದಕ್ಕಿಂತ ಜೊತೆಗಿಟ್ಟುಕೊಳ್ಳುವುದು ಲಾಭವೆಂದು ತೂಗಿ ನೋಡಿದ ಮೇಲೆ ಅವರ ಹಿರಿಯರು ಸಂಧಿಗೆ ಒಪ್ಪಿದರು. ಬಳಲಿ, ಗಾಯಗೊಂಡು, ಹಸಿದಿದ್ದ ಆ ದಂಡಿಗೆ ಅಂದು ತ್ಲಾಶ್ಕಾಲಾದ ಬಾಗಿಲು ತೆರೆಯದೆ ಹೋಗಿದ್ದರೆ ಕೊರ್ತೆಸ್ ಎಂಬ ಹೆಸರು ಇಂದು ಕೆಲವು ವಿದ್ವಾಂಸರ ಅಡಿಟಿಪ್ಪಣಿಯಲ್ಲಿ ಮಾತ್ರ ಇರುತ್ತಿತ್ತು. 1519ರ ನವೆಂಬರ್ 8ರಂದು ಸರೋವರದ ನಡುವಿನ ತೆನೊಚ್ತಿತ್ಲಾನ್ ನಗರಕ್ಕೆ ಹೋಗುವ ಕಲ್ಲಿನ ಏರಿಯ ಮೇಲೆ ಕೊರ್ತೆಸ್ ಮತ್ತು ದೊರೆ ಮೊಕ್ತೆಸೂಮಾ ಎದುರುಬದುರಾದಾಗ ಸ್ಪೇನಿಗರ ಬೆನ್ನ ಹಿಂದೆ ಸಾವಿರಾರು ತ್ಲಾಶ್ಕಾಲದ ಯೋಧರಿದ್ದರು. ಅಂದಿನ ಯುರೋಪಿನ ಬಹುತೇಕ ನಗರಗಳಿಗಿಂತ ದೊಡ್ಡದಾದ, ತ್ಲಾತೆಲೊಲ್ಕೊದ ಸಂತೆಯಲ್ಲಿ ನಿತ್ಯ ಅರವತ್ತು ಸಾವಿರ ಮಂದಿ ಕೊಳ್ಳುವುದು ಮಾರುವುದು ಮಾಡುತ್ತಿದ್ದರೆಂದು ಕೊರ್ತೆಸನೇ ಬೆರಗಿನಿಂದ ಬರೆದ ನಗರ ಅದು.

ಮೊಕ್ತೆಸೂಮಾ ಕೊರ್ತೆಸನನ್ನು ಮರಳಿ ಬಂದ ಕೆತ್ಸಾಲ್‌ಕೊವಾತ್ಲ್ ದೇವರೆಂದು ನಂಬಿ ರಾಜ್ಯವನ್ನು ಒಪ್ಪಿಸಿಬಿಟ್ಟನೆಂಬ ಮಾತೂ ಲೇಖನದಲ್ಲಿದೆ. ಕೊರ್ತೆಸ್ ತನ್ನ ದೊರೆಗೆ ಬರೆದ ಉದ್ದುದ್ದ ಪತ್ರಗಳಲ್ಲಿ ಆ ದೇವರ ಹೆಸರು ಒಂದೆಡೆಯೂ ಇಲ್ಲ. ಆ ಕಥೆ ಕೂಡಿಬಂದದ್ದು ಯುದ್ಧ ಮುಗಿದು ದಶಕಗಳಾದ ಮೇಲೆ. ಸೋತವರಿಗೆ ಸೋಲಿನ ಕಾರಣ ಬೇಕಿತ್ತು, ಗೆದ್ದವರಿಗೆ ದೈವದ ಒಪ್ಪಿಗೆ ಬೇಕಿತ್ತು. ಎರಡೂ ಅದರಲ್ಲಿ ಸಿಕ್ಕಿತು. ನೂರಾರು ಊರುಗಳಿಂದ ಲೆಕ್ಕವಿಟ್ಟು ಕಪ್ಪ ವಸೂಲು ಮಾಡುತ್ತಿದ್ದ, ಕರಾವಳಿಯ ಸುದ್ದಿಯನ್ನು ಚಿತ್ರಗಳಲ್ಲಿ ಬರೆಯಿಸಿ ತರಿಸಿಕೊಳ್ಳುತ್ತಿದ್ದ ಆಡಳಿತಗಾರನೊಬ್ಬನನ್ನು ಮೂಢನೆಂದು ಚಿತ್ರಿಸುವ ಮುನ್ನ ನಾವು ಇನ್ನಷ್ಟು ಎಚ್ಚರ ವಹಿಸಬೇಕಿತ್ತು.

ಮುಂದಿನ ಸಂಗತಿಗಳನ್ನು ಲೇಖನ ಸರಿಯಾಗಿಯೇ ಹೇಳಿದೆ. ಕೊರ್ತೆಸನನ್ನು ಹಿಡಿದು ತರಲೆಂದು ಕ್ಯೂಬಾದಿಂದ ಬಂದ ನರ್ವಾಯೆಸನ ದಂಡನ್ನು ಎದುರಿಸಲು ಅವನು ಕರಾವಳಿಗೆ ಹೋಗಿದ್ದಾಗ, ನಗರದಲ್ಲಿ ಉಳಿದಿದ್ದ ಪೆದ್ರೊ ದೆ ಅಲ್ವರಾದೊ 1520ರ ಮೇ ತಿಂಗಳಲ್ಲಿ ತೋಶ್ಕಾತ್ಲ್ ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಕುಣಿಯುತ್ತಿದ್ದ ನಿರಾಯುಧರನ್ನು ಕಡಿಸಿಹಾಕಿದ. ನಗಾರಿ ಬಾರಿಸುತ್ತಿದ್ದವನ ಕೈಗಳನ್ನು ಕತ್ತರಿಸಿದರೆಂದು ನಹುವಾತ್ಲ್ ಆಡುವ ನಹುವಾ ಜನರ ಹಿರಿಯರು ದಶಕಗಳ ಮೇಲೂ ನೆನೆದು ಹೇಳಿ ಬರೆಯಿಸಿದ್ದಾರೆ. ನಗರ ಸಿಡಿದೆದ್ದಿತು. ಮೊಕ್ತೆಸೂಮಾ ಸತ್ತ. ಜೂನ್ 30ರ ರಾತ್ರಿ ಸ್ಪೇನಿಗರು ಏರಿಯ ಮೇಲೆ ಓಡಿಹೋಗುವಾಗ ನೂರಾರು ಮಂದಿ ಅವರ ಕಡೆಯವರೂ ಅವರೊಂದಿಗಿದ್ದ ಅದೆಷ್ಟೋ ತ್ಲಾಶ್ಕಾಲರೂ ನೀರುಪಾಲಾದರು.

ಇಲ್ಲಿಗೆ ಲೇಖನ ಒಂದು ಜಿಗಿತ ಜಿಗಿಯುತ್ತದೆ. ‘ಸೋತರೂ ಎದೆಗುಂದದ ಕೊರ್ತೆಸ್ ಮತ್ತೆ ಬಲ ಕೂಡಿಸಿಕೊಂಡು’ ಎಂದು ಬರೆದು ನೇರವಾಗಿ 1521ರ ಮುತ್ತಿಗೆಗೆ ಬಂದುಬಿಡುತ್ತದೆ. ಆ ‘ಬಲ ಕೂಡಿಸಿಕೊಂಡು’ ಎಂಬ ಎರಡು ಪದಗಳ ಕೆಳಗೆ ಹೂತುಹೋಗಿರುವ ಹತ್ತು ತಿಂಗಳೇ ಇಡೀ ಯುದ್ಧದ ತಿರುಳು. ಆ ಜುಲೈಯಲ್ಲಿ ಕೊರ್ತೆಸನ ಕೈಯಲ್ಲಿ ತೋಪಿರಲಿಲ್ಲ, ಮದ್ದಿರಲಿಲ್ಲ, ಗಾಯವಿಲ್ಲದ ಆಳೂ ಇರಲಿಲ್ಲ. ತ್ಲಾಶ್ಕಾಲಾಕ್ಕೆ ಮೆಶೀಕಾ ರಾಯಭಾರಿಗಳು ಬಂದು, ಹಳೆಯ ಹಗೆ ಮರೆತು ಈ ಪರದೇಶಿಗಳನ್ನು ಮುಗಿಸೋಣವೆಂದರು. ಯುವ ಶಿಕೊತೆಂಕಾತ್ಲ್ ಅದನ್ನು ಒಪ್ಪಬೇಕೆಂದು ವಾದಿಸಿದ. ಹಿರಿಯ ಮಾಶಿಶ್‌ಕಾತ್ಸಿನ್ ಒಲ್ಲೆನೆಂದ. ಆ ಸಭೆಯ ಮಾತು ಇನ್ನೊಂದು ಕಡೆಗೆ ವಾಲಿದ್ದರೆ ಅಂದಿಗೆ ಎಲ್ಲವೂ ಮುಗಿಯುತ್ತಿತ್ತು. ಮೆಕ್ಸಿಕೊದ ಅಳಿವು ಉಳಿವು ತೀರ್ಮಾನವಾದದ್ದು ಸ್ಪೇನಿಗರು ಬಾಯಿ ಹಾಕಲಾಗದ ಒಂದು ಸಭೆಯಲ್ಲಿ, ನಹುವಾತ್ಲ್ ಭಾಷೆಯಲ್ಲಿ. ಗೆಲುವಿನಲ್ಲಿ ಪಾಲು, ಕಪ್ಪದಿಂದ ವಿನಾಯಿತಿ ಮೊದಲಾದ ಮಾತುಗಳನ್ನು ಅಂದು ಪಡೆದಿದ್ದೆವೆಂದು ತ್ಲಾಶ್ಕಾಲರು ಮುಂದೆ ಸಾಕ್ಷ್ಯ ನುಡಿದರು. ಯುವ ಶಿಕೊತೆಂಕಾತ್ಲನನ್ನು 1521ರಲ್ಲಿ ಮುತ್ತಿಗೆಯ ವೇಳೆ ದಂಡು ಬಿಟ್ಟು ಹೋದನೆಂಬ ಆರೋಪದ ಮೇಲೆ ಕೊರ್ತೆಸ್ ನೇಣಿಗೆ ಹಾಕಿಸಿದ.

ಸರೋವರದ ನಡುವಿನ ನಗರವನ್ನು ಹಿಡಿಯಬೇಕಾದರೆ ನೀರಿನ ಮೇಲೆ ಹಿಡಿತ ಬೇಕು. ಮಾರ್ತಿನ್ ಲೋಪೆಸ್ ಎಂಬ ಬಡಗಿಯ ಉಸ್ತುವಾರಿಯಲ್ಲಿ ಹದಿಮೂರು ಸಣ್ಣ ಯುದ್ಧನೌಕೆಗಳ ಕೆಲಸ ನಡೆದದ್ದು ಸಮುದ್ರದ ದಡದಲ್ಲಲ್ಲ, ತ್ಲಾಶ್ಕಾಲಾದ ಒಳನಾಡಿನಲ್ಲಿ. ಮರ ಕಡಿದವರು ಅಲ್ಲಿನವರು. ರಾಳ ಪಕ್ಕದ ವೆಶೊತ್ಸಿಂಕೊದ ಪೈನ್ ಕಾಡುಗಳಿಂದ ಬಂತು. ಕಬ್ಬಿಣ, ಹಗ್ಗ, ಹಾಯಿಗಳು ಬಂದದ್ದು ನಾನು ಮೊದಲು ಹೇಳಿದ ಆ ಒಡೆದ ಹಡಗುಗಳಿಂದ. ಅವನ್ನು ಕರಾವಳಿಯಿಂದ ಮೇಲಕ್ಕೆ ಹೊತ್ತು ತಂದವರೂ ಸ್ಥಳೀಯರೇ. ಹಲಗೆ ಹಲಗೆಯಾಗಿ ಬಿಚ್ಚಿದ ಆ ನೌಕೆಗಳನ್ನು ಬೆಟ್ಟ ದಾಟಿಸಿ ಸರೋವರದ ದಡದ ತೆಶ್ಕೊಕೊ ನಗರಕ್ಕೆ ತಂದವರು ಎಂಟು ಸಾವಿರ ಮಂದಿ ಹೊರೆಯಾಳುಗಳೆಂದೂ, ಸಾಲಿನ ಮೊದಲಿಗ ಊರೊಳಗೆ ಕಾಲಿಟ್ಟ ಗಳಿಗೆಯಿಂದ ಕೊನೆಯವನು ಬಂದು ಸೇರುವವರೆಗೆ ಆರು ತಾಸಿಗೂ ಹೆಚ್ಚು ಹಿಡಿಯಿತೆಂದೂ ಸ್ವತಃ ಕೊರ್ತೆಸ್ ತನ್ನ ದೊರೆಗೆ ಬರೆದಿದ್ದಾನೆ. ನನ್ನ ವಿದ್ಯಾರ್ಥಿನಿಗೆ ಅಂದು ನಾನು ತೋರಿಸಬೇಕಾಗಿದ್ದ ಚಿತ್ರ ಇದು: ಬೆನ್ನ ಮೇಲೆ ತೊಲೆ, ಹಣೆಗೆ ಪಟ್ಟಿ, ಕಾಲಲ್ಲಿ ನಾರಿನ ಚಪ್ಪಲಿ, ಬೆಟ್ಟದ ದಾರಿಯಲ್ಲಿ ಮುಗಿಯದೆ ಬರುತ್ತಿರುವ ಜನ. ನೌಕೆಗಳನ್ನು ನೀರಿಗಿಳಿಸಲು ಕಾಲುವೆ ತೋಡಿದವರು ಇನ್ನೂ ಸಾವಿರಾರು ಮಂದಿ. ಮೆಶೀಕಾದ ಹಳೆಯ ಮಿತ್ರನಗರವಾಗಿದ್ದ ಈ ತೆಶ್ಕೊಕೊ ಕೂಡ, ಸಿಂಹಾಸನದ ಜಗಳದಲ್ಲಿ ಮೂಲೆಗೊತ್ತಲ್ಪಟ್ಟಿದ್ದ ರಾಜಕುಮಾರ ಇಶ್ತ್ಲಿಲ್‌ಶೋಚಿತ್ಲನ ಮೂಲಕ ಅಷ್ಟರಲ್ಲಿ ಪಕ್ಷ ಬದಲಿಸಿತ್ತು.

ಇದೇ ಹೊತ್ತಿಗೆ ಸಿಡುಬು ಬಂತು. ನರ್ವಾಯೆಸನ ದಂಡಿನೊಂದಿಗೆ ದಡ ಸೇರಿದ ಈ ರೋಗ 1520ರ ಶರತ್ಕಾಲದಲ್ಲಿ ತೆನೊಚ್ತಿತ್ಲಾನ್ ನಗರವನ್ನು ಹೊಕ್ಕಿತು. ಅದನ್ನು ಹಿಂದೆಂದೂ ಕಾಣದ ಜನರ ಮೈಯಲ್ಲಿ ಅದನ್ನು ತಡೆಯುವ ಶಕ್ತಿಯಿರಲಿಲ್ಲ. ನಹುವಾ ಹಿರಿಯರು ಅದನ್ನು ‘ದೊಡ್ಡ ಬೊಕ್ಕೆ’ ಎಂಬರ್ಥದ ಹೆಸರಿನಿಂದ ಕರೆದು ಹೇಳಿರುವ ವಿವರ ಓದಲಾಗದಷ್ಟು ನೋವಿನದು: ಮಲಗಿದವರು ಮಗ್ಗುಲು ಬದಲಿಸಲಾರದೆ ನರಳಿದರು, ಕೈ ಅಲುಗಿಸಿದರೆ ಚೀರಿದರು, ಬೇಯಿಸಿ ಹಾಕುವವರೂ ನೀರು ಕೊಡುವವರೂ ಮನೆಯಲ್ಲಿ ಉಳಿಯದೆ ಎಷ್ಟೋ ಮಂದಿ ರೋಗಕ್ಕಲ್ಲ, ಹಸಿವಿಗೆ ಸತ್ತರು. ಮೊಕ್ತೆಸೂಮಾನ ನಂತರ ಪಟ್ಟಕ್ಕೆ ಬಂದು ಸ್ಪೇನಿಗರನ್ನು ಹೊರಗಟ್ಟಿದ್ದ ಕ್ವಿತ್ಲಾವಾಕ್ ವರ್ಷ ಮುಗಿಯುವ ಮೊದಲೇ ಅದಕ್ಕೆ ಬಲಿಯಾದ. ಅತ್ತ ಮಾಶಿಶ್‌ಕಾತ್ಸಿನ್ ಕೂಡ ಸತ್ತ. ಶತ್ರು ಮಿತ್ರರೆಂಬ ಭೇದ ಆ ರೋಗಕ್ಕಿರಲಿಲ್ಲ. ಸ್ಪೇನಿಗರಲ್ಲಿ ಬಹುತೇಕರು ಮಾತ್ರ ಚಿಕ್ಕಂದಿನಲ್ಲೇ ಅದನ್ನು ಕಂಡು ಬದುಕುಳಿದವರಾಗಿದ್ದರು.

1521ರ ಮೇ ಕೊನೆಯಿಂದ ಆಗಸ್ಟ್ 13ರವರೆಗೆ ನಡೆದ ಮುತ್ತಿಗೆಯಲ್ಲಿ ಸ್ಪೇನಿಗರು ಒಂಬೈನೂರರ ಆಸುಪಾಸು. ಅವರ ಪಕ್ಷದ ಸ್ಥಳೀಯ ಯೋಧರು ಹತ್ತಾರು ಸಾವಿರ. ಚಪುಲ್ತೆಪೆಕ್‌ನಿಂದ ನಗರಕ್ಕೆ ಸಿಹಿನೀರು ತರುತ್ತಿದ್ದ ಕಾಲುವೆಯನ್ನು ಕಡಿದರು. ಹಗಲು ಗೆದ್ದ ಏರಿಯ ಕಂಡಿಗಳನ್ನು ರಾತ್ರಿ ಮೆಶೀಕಾ ಮತ್ತೆ ತೋಡುತ್ತಿದ್ದುದರಿಂದ, ಮನೆ ಮನೆಯನ್ನು ಕೆಡವಿ ಅದೇ ಕಲ್ಲಿನಿಂದ ಕಾಲುವೆಗಳನ್ನು ಮುಚ್ಚುತ್ತ ಮುಂದೆ ಸಾಗಿದರು. ಈ ಕೆಡವುವ, ಮುಚ್ಚುವ ಕೆಲಸ ಮಾಡಿದ ಕೈಗಳೂ ಮಿತ್ರರ ಕೈಗಳೇ. ಕೊನೆಯ ದೊರೆ ಕ್ವಾವ್ತೆಮೋಕ್ ದೋಣಿಯಲ್ಲಿ ಸೆರೆಸಿಕ್ಕ. ಚಿನ್ನ ಎಲ್ಲಿದೆ ಹೇಳೆಂದು ಅವನ ಪಾದಗಳನ್ನು ಸುಟ್ಟರು. 1525ರಲ್ಲಿ ಗಲ್ಲಿಗೇರಿಸಿದರು.

ಇಷ್ಟೆಲ್ಲ ಇದ್ದೂ ‘ಆರುನೂರು ಮಂದಿ’ಯ ಕಥೆ ಹೇಗೆ ಹುಟ್ಟಿತು? ಅದು ಅರ್ಜಿಗಳಿಂದ ಹುಟ್ಟಿತು. ಸಂಬಳವಿಲ್ಲದ ದಂಡಯಾತ್ರಿಕನಿಗೆ ಭೂಮಿಯೋ ಪದವಿಯೋ ಪಿಂಚಣಿಯೋ ಸಿಗಬೇಕಾದರೆ ತಾನು ಮಾಡಿದ ಸೇವೆಯನ್ನು ಸಾಕ್ಷಿಗಳೊಂದಿಗೆ ಬರೆದು ದೊರೆಗೆ ಸಲ್ಲಿಸಬೇಕಿತ್ತು. ಅಂಥ ಅರ್ಜಿಯಲ್ಲಿ ಯಾರು ತಾನೆ ‘ಕೆಲಸವೆಲ್ಲ ಮಿತ್ರರದು’ ಎಂದು ಬರೆದಾರು? ದಂಡಿನಲ್ಲಿದ್ದ ಹ್ವಾನ್ ಗರಿದೊ ಎಂಬ ಆಫ್ರಿಕಾ ಮೂಲದವನು 1538ರಲ್ಲಿ ತನ್ನ ಅರ್ಜಿ ಸಲ್ಲಿಸಿ, ಈ ನಾಡಿನಲ್ಲಿ ಮೊದಲು ಗೋಧಿ ಬಿತ್ತಿದವನು ತಾನೆಂದು ಹೇಳಿಕೊಳ್ಳಬೇಕಾಯಿತು; ಅವನ ಹೆಸರು ಎಷ್ಟು ಪಠ್ಯಗಳಲ್ಲಿದೆ? ಒಬ್ಬೊಬ್ಬನೂ ತನ್ನ ಪಾಲನ್ನು ಹಿಗ್ಗಿಸಿ ಬರೆದ ಈ ಕಾಗದಗಳು ಕೂಡಿ ಕೂಡಿ ಇತಿಹಾಸವೆನಿಸಿಕೊಂಡವು. ಅವರ ವಾಕ್ಯವನ್ನು ನಾವು ಐದು ಶತಮಾನಗಳ ಮೇಲೆ ಹಾಗೆಯೇ ಅಚ್ಚು ಮಾಡಿದಾಗ ಅವರ ಅರ್ಜಿಗೆ ನಮ್ಮ ರುಜುವನ್ನೂ ಸೇರಿಸಿದಂತಾಗುತ್ತದೆ.

ಆದರೆ ಅರ್ಜಿ ಬರೆದವರು ಸ್ಪೇನಿಗರಷ್ಟೇ ಅಲ್ಲ. ವೆಶೊತ್ಸಿಂಕೊ ಊರಿನ ಮುಖ್ಯಸ್ಥರು 1560ರ ಜುಲೈಯಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪನಿಗೆ ತಮ್ಮ ನಹುವಾತ್ಲ್ ಭಾಷೆಯಲ್ಲಿಯೇ ಬರೆದ ಪತ್ರ ಉಳಿದುಬಂದಿದೆ. ಯಾರೂ ಬಲವಂತ ಮಾಡದೆ ನಾವು ನಿಮ್ಮವರನ್ನು ಬರಮಾಡಿಕೊಂಡೆವು, ಉಣಿಸಿದೆವು, ಕಾಯಿಲೆ ಬಿದ್ದವರನ್ನು ಹೊತ್ತು ತಂದೆವು, ನೌಕೆಗಳಿಗೆ ಮರ ಮತ್ತು ರಾಳ ಕೊಟ್ಟೆವು, ಆಮೇಲೂ ದೂರದೂರದ ಸೀಮೆಗಳ ಯುದ್ಧಗಳಿಗೆ ನಿಮ್ಮೊಂದಿಗೆ ಬಂದೆವು. ಹೀಗಿರುವಾಗ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಪೆಸೊ ಕಪ್ಪವನ್ನೂ ಜೋಳವನ್ನೂ ನಮ್ಮ ಮೇಲೆ ಹೇರಿದ್ದೇಕೆ ಎಂಬುದು ಅದರ ಅಳಲು. ಆ ಪತ್ರದ ಅನುವಾದವನ್ನು ನಾನು ಮೊದಲ ಬಾರಿ ಓದಿದ ದಿನ ಮತ್ತೇನನ್ನೂ ಓದಲಾಗಲಿಲ್ಲ. ತೀರಾ ವಿನಯದ ಭಾಷೆಯಲ್ಲಿ, ದೊರೆಗೆ ಮತ್ತೆ ಮತ್ತೆ ಕೈಮುಗಿಯುತ್ತ, ನೀವು ಮಾತಿಗೆ ತಪ್ಪಿದಿರಿ ಎಂದು ಹೇಳುವ ಪತ್ರ ಅದು.

ಪೆರುವಿನ ಕಥೆಯೂ ಬೇರೆಯಲ್ಲ. 1532ರ ನವೆಂಬರ್ 16ರಂದು ಕಹಮಾರ್ಕಾದಲ್ಲಿ ಸ್ಪೇನಿನ ದಂಡನಾಯಕ ಪಿಸಾರೊನ 168 ಮಂದಿ ಇಂಕಾ ದೊರೆ ಅತವಾಲ್ಪನನ್ನು ಹಿಡಿದರೆಂಬುದು ಸರಿ. ಆದರೆ ಅಣ್ಣತಮ್ಮಂದಿರ ಅಂತರ್ಯುದ್ಧದಿಂದ ಆ ನಾಡು ಆಗಲೇ ಎರಡು ಹೋಳಾಗಿತ್ತು. ಇಂಕಾ ಆಳ್ವಿಕೆಯನ್ನು ದ್ವೇಷಿಸುತ್ತಿದ್ದ ಹೌಹಾ ಕಣಿವೆಯ ವಾಂಕಾ ಜನ ಸ್ಪೇನಿಗರಿಗೆ ಆಳು, ಲಾಮಾ, ಜೋಳ, ಆಲೂಗೆಡ್ಡೆ ಎಲ್ಲವನ್ನೂ ಒದಗಿಸಿದರು; ಸುಮಾರು ಮೂವತ್ತು ವರ್ಷಗಳ ನಂತರ ಅವರ ನಾಯಕರು ಲೀಮಾದ ನ್ಯಾಯಸ್ಥಾನಕ್ಕೆ ಬಂದು, ತಾವು ಕೊಟ್ಟದ್ದೆಷ್ಟು, ಸ್ಪೇನಿಗರು ದೋಚಿದ್ದೆಷ್ಟು ಎಂಬುದನ್ನು ಗಂಟು ಹಾಕಿದ ದಾರಗಳ ‘ಕಿಪು’ ನೋಡಿ ಬೇರೆ ಬೇರೆಯಾಗಿ ಓದಿ ಹೇಳಿದರು. ‘ಎರಡೂವರೆ ವರ್ಷದೊಳಗೆ’ ಎಂಬ ಮಾತೂ ಹೀಗೆಯೇ ನಿಲ್ಲುವುದಿಲ್ಲ. ವಿಲ್ಕಬಾಂಬದ ಇಂಕಾ ಅರಸೊತ್ತಿಗೆ 1572ರವರೆಗೆ ಉಳಿಯಿತು. ಇತ್ಸಾ ಮಾಯಾ ಜನರ ನೊಹ್‌ಪೆತೇನ್ ಬಿದ್ದದ್ದು 1697ರಲ್ಲಿ. ದಕ್ಷಿಣ ಚಿಲಿಯ ಮಪುಚೆಯರಂತೂ ಸ್ಪೇನಿಗರಿಗೆ ಕೊನೆಗೂ ಬಗ್ಗಲೇ ಇಲ್ಲ.

ತ್ಲಾಶ್ಕಾಲರನ್ನು ದ್ರೋಹಿಗಳೆಂದು ಕರೆಯುವ ಚಪಲವೂ ಕೆಲವರಿಗೆ ಇದೆ. ಯಾರಿಗೆ ದ್ರೋಹ? ‘ಇಂಡಿಯನ್ನರು’ ಎಂಬ ಒಂದು ಜನಾಂಗ ಅಲ್ಲಿ ಇರಲೇ ಇಲ್ಲ. ಅದು ದಾರಿ ತಪ್ಪಿ ಬಂದವರು ಅಂಟಿಸಿದ ಹೆಸರು. ಅಂದು ಅಲ್ಲಿದ್ದದ್ದು ಒಂದೊಂದು ಊರಿಗೂ ತನ್ನದೇ ದೊರೆ, ತನ್ನದೇ ದೇವರು, ತನ್ನದೇ ಹಗೆ ಇದ್ದ ನಾಡು. ಇದು ಕನ್ನಡಿಗರಿಗೆ ಅರ್ಥವಾಗದ ವಿಷಯವಲ್ಲ. ಅದೇ ದಶಕದ ಮೊದಲಲ್ಲಿ, 1510ರಲ್ಲಿ, ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಹಿಡಿದದ್ದು ಹೊನ್ನಾವರದ ತಿಮ್ಮಯ್ಯನ ಸಲಹೆ ಮತ್ತು ನೆರವಿನಿಂದ. ಬಿಜಾಪುರದೊಂದಿಗೆ ತನ್ನದೇ ಲೆಕ್ಕ ತೀರಿಸಿಕೊಳ್ಳಬೇಕಿದ್ದ ತಿಮ್ಮಯ್ಯನಿಗೆ ಮುಂದಿನ ನಾಲ್ಕೂವರೆ ಶತಮಾನ ಗೊತ್ತಿರಲಿಲ್ಲ. ತ್ಲಾಶ್ಕಾಲದ ಹಿರಿಯರಿಗೂ ಗೊತ್ತಿರಲಿಲ್ಲ.

ಸ್ಪೇನಿಗರ ಪಾತ್ರವನ್ನು ಕಿರಿದು ಮಾಡಿದರೆ ಅವರ ಪಾಪವೂ ಕಿರಿದಾಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಖಂಡಿತ ಆಗುವುದಿಲ್ಲ. ಚೊಲೂಲಾ ನಗರದಲ್ಲಿ ನಡೆಸಿದ ಕೊಲೆಗಳು, ಅಲ್ವರಾದೊನ ಹಬ್ಬದ ದಿನದ ರಕ್ತಪಾತ, ಊರಿಗೆ ಊರನ್ನೇ ಒಬ್ಬ ಸ್ಪೇನಿಗನ ಚಾಕರಿಗೆ ಹಚ್ಚಿದ ‘ಎಂಕೊಮಿಯೆಂದಾ’ ಪದ್ಧತಿ ಇವೆಲ್ಲ ಅವರದೇ. 1513ರಿಂದ ಅವರು ಪ್ರತಿ ದಾಳಿಗೆ ಮುನ್ನ ಒಂದು ಕಾಗದ ಓದಬೇಕೆಂಬ ನಿಯಮವಿತ್ತು: ಪೋಪ್ ಈ ನಾಡನ್ನು ನಮ್ಮ ದೊರೆಗೆ ಕೊಟ್ಟಿದ್ದಾರೆ, ಶರಣಾಗದಿದ್ದರೆ ಮುಂದಿನ ಸಾವುನೋವಿಗೆ ನೀವೇ ಹೊಣೆ ಎಂದು. ಕೇಳುವವರಿಗೆ ಒಂದಕ್ಷರವೂ ತಿಳಿಯದ ಸ್ಪ್ಯಾನಿಷ್ ಭಾಷೆಯಲ್ಲಿ ಅದನ್ನು ಓದಿ, ನೋಟರಿಯಿಂದ ದಾಖಲೆ ಮಾಡಿಸಿಕೊಳ್ಳುತ್ತಿದ್ದರು. ಇದನ್ನು ಅಂದೇ ಖಂಡಿಸಿದ ಸ್ಪೇನಿಗರೂ ಇದ್ದರು. 1511ರಲ್ಲಿ ಹಿಸ್ಪಾನಿಯೋಲಾ ದ್ವೀಪದ ಚರ್ಚಿನಲ್ಲಿ ಪಾದ್ರಿ ಅಂತೋನಿಯೊ ದೆ ಮೊಂತೆಸಿನೊಸ್, ಇವರು ಮನುಷ್ಯರಲ್ಲವೇ ಎಂದು ತನ್ನ ಮುಂದೆ ಕೂತಿದ್ದ ಒಡೆಯರನ್ನೇ ಕೇಳಿದ. ಇನ್ನೊಬ್ಬ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಇಡೀ ಬಾಳನ್ನು ಆ ಪ್ರಶ್ನೆಗೆ ಸವೆಸಿದ. ಮೆಶೀಕಾ ದೊರೆಗಳೂ ಕಪ್ಪ ಹಿಂಡಿದವರೇ, ಸೆರೆಯಾಳುಗಳನ್ನು ಬಲಿ ಕೊಟ್ಟವರೇ. ಅದನ್ನು ಮರೆಮಾಚುವ ಉದ್ದೇಶ ನನಗಿಲ್ಲ. ನನ್ನ ಮಾತು ಇಷ್ಟೇ: ಅಲ್ಲಿನ ಜನ ಇತಿಹಾಸದಲ್ಲಿ ಬರಿಯ ಸೋತವರಾಗಿ, ಸತ್ತವರಾಗಿ ಬರಬಾರದು. ತೂಗಿ ನೋಡಿದವರಾಗಿ, ನಿರ್ಧರಿಸಿದವರಾಗಿ, ಮೋಸಹೋದವರಾಗಿ, ಆಮೇಲೆ ಅರ್ಜಿ ಹಿಡಿದು ನ್ಯಾಯ ಕೇಳಿದವರಾಗಿಯೂ ಬರಬೇಕು.

ಕೊನೆಯದಾಗಿ, ಲೇಖನದೊಂದಿಗೆ ಅಚ್ಚಾದ ಚಿತ್ರದ ಬಗೆಗೆ ಒಂದು ಕೋರಿಕೆ. ಕುರ್ಚಿಯಲ್ಲಿ ಕೂತ ಕೊರ್ತೆಸ್, ಎದುರಿಗೆ ಮೊಕ್ತೆಸೂಮಾ, ಕೆಳಗೆ ಕಾಣಿಕೆಯ ಹಕ್ಕಿಗಳು. ಕೊರ್ತೆಸನ ಹಿಂದೆ ಒಬ್ಬ ಹೆಂಗಸು ನಿಂತಿದ್ದಾಳೆ. ಅಡಿಬರಹದಲ್ಲಿ ‘ಕೊರ್ತೆಸ್ ಮತ್ತು ಮೊಕ್ತೆಸೂಮಾ ಭೇಟಿ’ ಎಂದಷ್ಟೇ ಇದೆ. ತಾವು ಮಾಡಿದ ಸಹಾಯವನ್ನು ಸ್ಪೇನಿನ ದೊರೆಗೆ ನೆನಪಿಸಲೆಂದು ತ್ಲಾಶ್ಕಾಲರು 1552ರ ಸುಮಾರಿಗೆ ದೊಡ್ಡ ಬಟ್ಟೆಯ ಮೇಲೆ ಬರೆಯಿಸಿದ ಚಿತ್ರಮಾಲೆಯ ಒಂದು ಭಾಗ ಅದು. ಮೂಲ ಬಟ್ಟೆ ಇಂದು ಇಲ್ಲ, ಪ್ರತಿಗಳಷ್ಟೇ ಉಳಿದಿವೆ. ತಮ್ಮ ಜಾಲತಾಣದಲ್ಲಿ ಲೇಖನ ಇನ್ನೂ ಇರುವುದರಿಂದ, ನಿಂತಿರುವ ಆ ಹೆಂಗಸಿನ ಹೆಸರು ಮಲಿಂಟ್ಸಿನ್ ಎಂದೂ ಚಿತ್ರ ಬರೆಯಿಸಿದವರು ತ್ಲಾಶ್ಕಾಲಾದವರೆಂದೂ ಅಡಿಬರಹದಲ್ಲಿ ಸೇರಿಸಬೇಕಾಗಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ
ಧಾರವಾಡ